ಯಾರ ಮನೆಯ ಪದ ಎಂದು ಕೇಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ನೋಟ್‌ಬುಕ್ಕುಗಳನ್ನು ತಿರುವಿ ನೋಡುವ ಚಾಳಿ ನಿವೃತ್ತಿಯಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಇಂಗ್ಲಿಷ್ ಪದಗಳಿಗೆಂದೇ ಮೀಸಲಿಟ್ಟ ನೋಟ್‌ಬುಕ್ಕಿನ ಮೊದಲ ಪುಟ ಎಲ್ಲರದೂ ಒಂದೇ ತರಹ: ಅಬೇಟ್, ಅಬೆರಂಟ್, ಅಬೆಟ್, ಅಬೆಯನ್ಸ್, ಅಬ್‌ಹಾರ್. ಎಡಕ್ಕೆ ಪದ, ನಡುವೆ ಗೀಟು, ಬಲಕ್ಕೆ ಕನ್ನಡ ಅರ್ಥ. ‘ಎ’ ಮುಗಿಯುವವರೆಗೆ ಅಕ್ಷರ ದುಂಡಗಿರುತ್ತದೆ. ‘ಬಿ’ ಬರುವಷ್ಟರಲ್ಲಿ ಗೀಚಾಟ ಶುರು. ‘ಸಿ’ಯ ನಡುವೆ ಎಲ್ಲೋ ಒಂದು ಕಡೆ ಪಟ್ಟಿ ನಿಂತು, ಮುಂದಿನ ಪುಟಗಳಲ್ಲಿ ಬಸ್ಸಿನ ಸಮಯವೋ ಹಾಸ್ಟೆಲಿನ ಖರ್ಚಿನ ಲೆಕ್ಕವೋ ಇರುತ್ತದೆ. ನಿನ್ನದೂ ಅಲ್ಲೇ ನಿಂತಿದೆ. ‘ನನಗೆ ಜ್ಞಾಪಕಶಕ್ತಿ ಕಡಿಮೆ ಮೇಷ್ಟ್ರೇ’ ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನೂರಾರು ಸಿನಿಮಾ ಹಾಡು ಬಾಯಿಗೆ ಬರುವವರಿಗೆ ಜ್ಞಾಪಕಶಕ್ತಿ ಕಡಿಮೆ ಇರಲು ಸಾಧ್ಯವಿಲ್ಲ ಮಗೂ. ತಪ್ಪು ಇರುವುದು ಪಟ್ಟಿಯಲ್ಲಿ.

ಅಬೇಟ್, ಅಬೆರಂಟ್ ಎರಡೂ ಒಂದೇ ಪುಟದಲ್ಲಿ ಕೂತಿರುವುದಕ್ಕೆ ಅಕ್ಷರಮಾಲೆಯ ಹೊರತು ಬೇರೆ ಕಾರಣವಿಲ್ಲ. ಅಬೇಟ್ ಎಂದರೆ ತಗ್ಗು, ಇಳಿ. ಅದರ ಮೂಲದಲ್ಲಿರುವುದು ಹೊಡೆಯುವ ಕೆಲಸ, ಹೊಡೆದು ಕೆಳಗಿಳಿಸುವುದು. ಬ್ಯಾಟಲ್, ಕಾಂಬ್ಯಾಟ್, ನೀನು ಕಾಲೇಜಿನಲ್ಲಿ ಬಹುಮಾನ ತೆಗೆದುಕೊಂಡ ಡಿಬೇಟ್, ಆದಾಯ ತೆರಿಗೆಯವರು ಕೊಡುವ ರಿಬೇಟ್, ಇವೆಲ್ಲ ಅದರ ದಾಯಾದಿಗಳು. ಅಬೆರಂಟ್‌ನ ಮೂಲದಲ್ಲಿರುವುದು ದಾರಿ ಬಿಟ್ಟು ಅಲೆಯುವುದು. ಕಂಪ್ಯೂಟರ್ ದಿನವೂ ತೋರಿಸುವ ಎರರ್, ಹೇಗೆಂದರೆ ಹಾಗೆ ಬರುವ ಮಳೆಯನ್ನು ಪತ್ರಿಕೆಯವರು ಕರೆಯುವ ಎರಾಟಿಕ್, ನಮ್ಮ ಹಳೆಯ ಮುದ್ರಕರು ಒಪ್ಪೋಲೆ ಎನ್ನುತ್ತಿದ್ದ ಎರಾಟಾ, ಇವು ಆ ಕಡೆಯವು. ಎರರ್ ಗೊತ್ತಿದ್ದವರಿಗೆ ಅಬೆರಂಟ್ ಅರ್ಧ ಗೊತ್ತಿದ್ದ ಹಾಗೆ. ಆ ಅರ್ಧವನ್ನು ಪಟ್ಟಿ ನಿನ್ನಿಂದ ಬಚ್ಚಿಟ್ಟಿತು.

ನಮ್ಮ ಕಡೆ ಮದುವೆ ಮನೆಯಲ್ಲಿ ಗುರುತು ಸಿಗದ ಮಗು ಎದುರಿಗೆ ಬಂದರೆ ಹಿರಿಯರು ಅದರ ಹೆಸರು ಕೇಳುವುದಿಲ್ಲ, ‘ನೀನು ಯಾರ ಮನೆಯವಳು?’ ಎಂದು ಕೇಳುತ್ತಾರೆ. ಮನೆ ತಿಳಿದರೆ ಅಜ್ಜಿಯ ಮೂಗು, ಚಿಕ್ಕಪ್ಪನ ನಗು ಎಲ್ಲ ತಾನಾಗಿ ಹೊಂದಿಕೊಂಡು ಆ ಮಗು ಮತ್ತೆಂದೂ ಮರೆತುಹೋಗುವುದಿಲ್ಲ. ಇಂಗ್ಲಿಷಿನ ಕಠಿಣ ಪದ ಎದುರಾದಾಗಲೂ ಮೊದಲು ಕೇಳಬೇಕಾದದ್ದು ಈ ಪ್ರಶ್ನೆಯನ್ನೇ.

ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಹಿಂದೆ ಬಿದ್ದೆ ಎನ್ನುವುದು ನಿನ್ನ ಇನ್ನೊಂದು ಕೊರಗು. ಮಾತನಾಡುವ ಧೈರ್ಯದ ವಿಷಯದಲ್ಲಿ ಅದು ನಿಜವಿರಬಹುದು. ಉನ್ನತ ಪದಸಂಪತ್ತಿನ ವಿಷಯದಲ್ಲಿ ಮಾತ್ರ ನೀನು ಮುಂದಿದ್ದೀಯೆ, ನಿನಗೆ ಅದು ಗೊತ್ತಿಲ್ಲ ಅಷ್ಟೆ. ಹೈಸ್ಕೂಲಿನಲ್ಲಿ ಉಪಸರ್ಗದ ಪಾಠ ಮಾಡಿದ್ದರಲ್ಲ, ನೆನಪಿಸಿಕೋ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಒಯ್ಯು, ತೆಗೆದುಕೊ ಎಂಬ ಅರ್ಥದ ಒಂದೇ ಧಾತು. ಮುಂದೆ ಕೂತ ಉಪಸರ್ಗ ಅದನ್ನು ಊಟದ ಎಲೆಗೂ ಎಳೆದೊಯ್ಯುತ್ತದೆ, ಯುದ್ಧಭೂಮಿಗೂ ಎಳೆದೊಯ್ಯುತ್ತದೆ. (ಹೋಟೆಲುಗಳ ಬೋರ್ಡಿನಲ್ಲಿ ಎಷ್ಟೋ ಕಡೆ ‘ಉಪಹಾರ’ ಎಂದು ಬರೆದಿರುತ್ತಾರೆ. ಇಡ್ಲಿ ವಡೆಗೆ ‘ಉಪಾಹಾರ’ ಎನ್ನಬೇಕು. ಉಪಹಾರ ಎಂದರೆ ಕಾಣಿಕೆ. ಅಲ್ಲಿ ಯಾರೂ ಪುಕ್ಕಟೆ ಕೊಟ್ಟದ್ದನ್ನು ನಾನು ಕಂಡಿಲ್ಲ.) ಇಂಗ್ಲಿಷಿನ ದೊಡ್ಡ ಪದಗಳು ಹುಟ್ಟಿದ್ದೂ ಇದೇ ರೀತಿ. ಅಲ್ಲಿ ಸಂಸ್ಕೃತದ ಜಾಗದಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಇವೆ, ಅಷ್ಟೇ ವ್ಯತ್ಯಾಸ.

ಒಂದು ಮನೆಯನ್ನು ಒಳಹೊಕ್ಕು ನೋಡೋಣ. ‘ಡಿಕ್ಟ್’ ಎಂಬುದು ಲ್ಯಾಟಿನ್ನಿನಲ್ಲಿ ಹೇಳುವುದಕ್ಕೆ ಸಂಬಂಧಪಟ್ಟದ್ದು. ಮೇಷ್ಟ್ರು ಹೇಳಿದ್ದನ್ನು ಬರೆದುಕೊಂಡರೆ ಡಿಕ್ಟೇಷನ್. ಮುಂಚೆಯೇ ಹೇಳಿದರೆ ಪ್ರಿಡಿಕ್ಟ್. ಎದುರು ಹೇಳಿದರೆ ಕಾಂಟ್ರಡಿಕ್ಟ್. ಒಳ್ಳೆಯದಾಗಲಿ ಎಂದು ಹೇಳಿದರೆ ಬೆನಿಡಿಕ್ಷನ್, ಕೆಟ್ಟದಾಗಲಿ ಎಂದರೆ ಮ್ಯಾಲಿಡಿಕ್ಷನ್, ಹೋಗಿ ಬರುತ್ತೇನೆ ಎಂದರೆ ವ್ಯಾಲಿಡಿಕ್ಷನ್. ಇನ್ನು ಕೋರ್ಟಿಗೆ ಹೋದರೆ ಈ ಮನೆತನದವರೇ ತುಂಬಿಕೊಂಡಿದ್ದಾರೆ. ಸತ್ಯವಾಗಿ ನುಡಿದದ್ದು ವರ್ಡಿಕ್ಟ್. ಒಂದು ನ್ಯಾಯಾಲಯದ ಮಾತು ಎಲ್ಲಿಯವರೆಗೆ ನಡೆಯುತ್ತದೋ ಆ ಎಲ್ಲೆ ಜೂರಿಸ್‌ಡಿಕ್ಷನ್. ನ್ಯಾಯ ಹೇಳುವವನಾದ್ದರಿಂದ ಜಡ್ಜ್ ಕೂಡ ಇದೇ ವಂಶದವನು, ಫ್ರೆಂಚರ ಬಾಯಲ್ಲಿ ಸವೆದು ಸವೆದು ಅವನ ಗುರುತು ಸಿಗದಂತಾಗಿದೆ. ಆರೋಪ ಹೊರಿಸುವ ಪದವೊಂದಿದೆ, ಕಾಗುಣಿತದಲ್ಲಿ ‘ಡಿಕ್ಟ್’ ಸ್ಪಷ್ಟವಾಗಿ ಕಾಣುತ್ತದೆ, ಓದುವಾಗ ಮಾತ್ರ ‘ಇಂಡೈಟ್’ ಎನ್ನಬೇಕು. ಸಂದರ್ಶನಗಳಲ್ಲಿ ಅದನ್ನು ‘ಇಂಡಿಕ್ಟ್’ ಎಂದು ಓದಿ ನಾಲಿಗೆ ಕಚ್ಚಿಕೊಂಡವರನ್ನು ನೋಡಿದ್ದೇನೆ. ಮನೆತನ ಅರ್ಥವನ್ನು ಹೇಳಿಕೊಡುತ್ತದೆ. ಉಚ್ಚಾರಣೆಯನ್ನು ಕಿವಿಯಿಂದಲೇ ಕಲಿಯಬೇಕು.

ಈ ಮನೆಯ ಹಿತ್ತಿಲ ಬಾಗಿಲು ತೆರೆದರೆ ನಮ್ಮ ಅಂಗಳ ಕಾಣುತ್ತದೆ. ಸಂಸ್ಕೃತದಲ್ಲಿ ತೋರಿಸು ಎಂಬ ಅರ್ಥದ ‘ದಿಶ್’ ಧಾತುವಿದೆ. ದಿಕ್ಕು, ದಿಶೆ ಅದರಿಂದ ಬಂದವು. ಆದೇಶ, ಉಪದೇಶ, ಸಂದೇಶ, ನಿರ್ದೇಶನ, ಉದ್ದೇಶವೂ ಅದರಿಂದಲೇ ಬಂದವು. ಲ್ಯಾಟಿನ್ನಿನ ಆ ಮಾತೂ ಸಂಸ್ಕೃತದ ಈ ಧಾತುವೂ ಒಂದೇ ಮೂಲದವು. ಮೂಲ ಅರ್ಥ ತೋರಿಸುವುದು; ಅಲ್ಲಿ ಬಾಯಲ್ಲಿ ತೋರಿಸಿದರು, ಇಲ್ಲಿ ಬೆರಳಲ್ಲಿ ತೋರಿಸಿದರು. ಇಂಗ್ಲಿಷಿನ ಇಂಡಿಕೇಟ್ ಈಗಲೂ ತೋರಿಸುತ್ತಲೇ ಇದೆ. ಗ್ರೀಕಿನ ಕಡೆಯಿಂದ ಬಂದ ಪ್ಯಾರಡೈಮ್ ಕೂಡ, ಪಕ್ಕದಲ್ಲಿಟ್ಟು ತೋರಿಸಿದ ಮಾದರಿ ಎಂಬ ಅರ್ಥದಲ್ಲಿ, ಇದೇ ಬಳಗ. ಸರ್ಕಾರಿ ಆದೇಶಕ್ಕೂ ನಿನ್ನ ಮೇಜಿನ ಮೇಲಿರುವ ಡಿಕ್ಷನರಿಗೂ ರಕ್ತಸಂಬಂಧ ಇದೆ ಎಂದು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಇದು ನನ್ನ ಕಲ್ಪನೆಯಲ್ಲ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ತಾಯಿಯಿಂದ ಬಂದಿರಬೇಕು, ಆ ತಾಯಿ ಈಗ ಉಳಿದಿಲ್ಲದಿರಬಹುದು ಎಂದು ಹೇಳಿದ. ಮುಂದೆ ಯಾಕೋಬ್ ಗ್ರಿಮ್, ಮಕ್ಕಳ ಕಥೆ ಸಂಗ್ರಹಿಸಿದ ಅಣ್ಣತಮ್ಮಂದಿರಲ್ಲಿ ದೊಡ್ಡವನು, 1822ರಲ್ಲಿ ಧ್ವನಿಗಳು ಹೇಗೆ ಕ್ರಮವಾಗಿ ಬದಲಾದವು ಎಂದು ವಿವರಿಸಿದ. ‘ಪ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಫ’, ‘ದ’ ಇದ್ದಲ್ಲಿ ‘ಟ’. ಪಾದ, ಫುಟ್. ಪಿತೃ, ಫಾದರ್. ದಶ, ಟೆನ್. ದಂತ, ಟೂತ್. ಇಲ್ಲೊಂದು ಎಚ್ಚರ ಬೇಕು. ಈ ನಂಟು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳ ಮೂಲಕ ಮಾತ್ರ. ಮನೆ, ಮರ, ಹಲ್ಲು, ಕಣ್ಣು ಎಂಬ ಅಚ್ಚಗನ್ನಡ ಪದಗಳ ಮನೆತನವೇ ಬೇರೆ. ಅವುಗಳ ಬಂಧುಗಳು ತಮಿಳು, ತೆಲುಗು, ತುಳು, ಮಲಯಾಳಂಗಳಲ್ಲಿವೆ. ಮದ್ರಾಸಿನ ಎಲ್ಲಿಸ್ 1816ರಲ್ಲೇ, ಕಾಲ್ಡ್‌ವೆಲ್ 1856ರಲ್ಲಿ ಅದನ್ನು ತೋರಿಸಿಕೊಟ್ಟಿದ್ದಾರೆ. ಸಿಕ್ಕ ಸಿಕ್ಕ ಕನ್ನಡ ಪದಕ್ಕೆಲ್ಲ ಇಂಗ್ಲಿಷಿನ ನಂಟು ಕಟ್ಟುವ ವಾಟ್ಸ್‌ಆ್ಯಪ್ ಪಂಡಿತರನ್ನು ನಂಬಬೇಡ.

ನಂಬಬಹುದಾದ ನಂಟು ಬೇಕಾದಷ್ಟಿದೆ. ‘ಜ್ಞಾ’ ಧಾತುವನ್ನೇ ತೆಗೆದುಕೋ. ಪಾಂಡವರದು ಅಜ್ಞಾತವಾಸ. ಗುಟ್ಟಾಗಿ ಏನನ್ನೋ ಹುಡುಕಲು ನಿಮ್ಮ ಮೊಬೈಲಿನಲ್ಲಿ ತೆರೆಯುವ ಕಿಟಕಿ ಇನ್‌ಕಾಗ್ನಿಟೊ. ಎರಡರಲ್ಲೂ ಇರುವುದು ಅದೇ ನಿಷೇಧ, ಅದೇ ತಿಳಿವು. ಕಾಗ್ನಿಷನ್, ರೆಕಗ್ನೈಸ್, ಇಗ್ನೊರ್, ನೋಟೀಸ್, ನೋಷನ್, ನಟೋರಿಯಸ್ ಎಲ್ಲವೂ ತಿಳಿವಿನ ಮಕ್ಕಳು. ಕೆಟ್ಟದ್ದಕ್ಕೆ ಹೆಸರಾದವನು ನಟೋರಿಯಸ್, ಎಲ್ಲರಿಗೂ ತಿಳಿದವನು ಎಂಬುದೇ ಅದರ ಮೂಲ. ವೈದ್ಯರ ಚೀಟಿಯಲ್ಲಿ ಕಾಣುವ ಡಯಾಗ್ನೋಸಿಸ್ ಎಂದರೆ ಬೇರ್ಪಡಿಸಿ ತಿಳಿಯುವುದು, ಇದು ಯಾವ ಕಾಯಿಲೆ ಎಂದು. ಪ್ರಾಗ್ನೋಸಿಸ್ ಎಂದರೆ ಮುಂದಾಗಿ ತಿಳಿಯುವುದು, ಈ ಕಾಯಿಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರಿಗೆ ಥಾಮಸ್ ಹೆನ್ರಿ ಹಕ್ಸ್‌ಲಿ 1869ರಲ್ಲಿ ಅಗ್ನಾಸ್ಟಿಕ್ ಎಂಬ ಪದವನ್ನೇ ಹೊಸದಾಗಿ ಟಂಕಿಸಿದ. ಇವುಗಳಲ್ಲಿ ನನಗೆ ಬಹಳ ಇಷ್ಟ ಇಗ್ನೊರೇಮಸ್. ಲ್ಯಾಟಿನ್ನಿನಲ್ಲಿ ಅದು ‘ನಮಗೆ ತಿಳಿಯದು’ ಎಂಬ ಪೂರ್ಣ ವಾಕ್ಯ. ಇಂಗ್ಲೆಂಡಿನ ಗ್ರ್ಯಾಂಡ್ ಜ್ಯೂರಿಗಳು ಸಾಕ್ಷ್ಯ ಸಾಲದ ಆರೋಪಪತ್ರದ ಬೆನ್ನಿಗೆ ಹಾಗೆ ಬರೆದು ವಾಪಸು ಕಳಿಸುತ್ತಿದ್ದರು. 1615ರಲ್ಲಿ ಜಾರ್ಜ್ ರಗಲ್ ಎಂಬಾತ ದಡ್ಡ ವಕೀಲನೊಬ್ಬನಿಗೆ ಅದೇ ಹೆಸರಿಟ್ಟು ಪ್ರಹಸನ ಬರೆದ, ಅಲ್ಲಿಂದ ಪದ ದಡ್ಡರಿಗೆಲ್ಲ ಅಂಟಿಕೊಂಡಿತು.

ಉಪಸರ್ಗಗಳಲ್ಲೂ ಇದೇ ನೆಂಟಸ್ತಿಕೆ. ನಮ್ಮ ‘ಪರಿ’ ಗ್ರೀಕಿನ ‘ಪೆರಿ’. ಪರಿಧಿ ಗೊತ್ತಿದ್ದರೆ ಪೆರಿಫೆರಿ ಸುಲಭ. ‘ಅಂತರ್’ ಎಂಬುದು ಇಂಟರ್. ‘ದುಸ್’ ಎಂಬುದು ಡಿಸ್‌ಟೋಪಿಯಾ, ಡಿಸ್‌ಲೆಕ್ಸಿಯಾಗಳ ಡಿಸ್, ವೈ ಅಕ್ಷರ ಹಾಕಿ ಬರೆಯುವಂಥದ್ದು. ಡಿಸ್‌ಅಗ್ರೀ ಎಂಬಲ್ಲಿನ ಐ ಅಕ್ಷರದ ಡಿಸ್ ಬೇರೆ. ತಾಲ್ಲೂಕು ಕಚೇರಿಗೆ ಬರುವ ಅನಾಮಧೇಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಅನಾನಿಮಸ್ ಪಿಟಿಷನ್ ಎಂದಾಗ ಎರಡೂ ಭಾಷೆಯವರು ಹೇಳುತ್ತಿರುವುದು ಒಂದೇ, ಹೆಸರಿಲ್ಲದ್ದು.

ಇಂಗ್ಲಿಷಿಗೆ ಇಷ್ಟೊಂದು ಲ್ಯಾಟಿನ್ ಹೇಗೆ ಬಂತು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದು ಇಂಗ್ಲೆಂಡನ್ನು ಹಿಡಿದ. ಅಲ್ಲಿಂದ ಕೆಲವು ಶತಮಾನ ಅರಮನೆ, ಕೋರ್ಟುಗಳ ಮಾತು ಫ್ರೆಂಚ್; ಮಠ ಮತ್ತು ವಿದ್ಯೆಯದು ಲ್ಯಾಟಿನ್; ಹೊಲದವರದು ಹಳೆಯ ಇಂಗ್ಲಿಷ್. ಕೊಟ್ಟಿಗೆಯಲ್ಲಿರುವಾಗ ಕೌ, ಶೀಪ್. ದೊರೆಯ ತಟ್ಟೆಗೆ ಬಂದಾಗ ಬೀಫ್, ಮಟನ್. ಆಮೇಲೆ ಪುನರುಜ್ಜೀವನದ ಕಾಲದ ವಿದ್ವಾಂಸರು ನೇರವಾಗಿ ಲ್ಯಾಟಿನ್ ಗ್ರೀಕುಗಳಿಂದ ರಾಶಿ ರಾಶಿ ಪದ ತಂದು ಸುರಿದರು. ಹೀಗಾಗಿ ದಿನಬಳಕೆಯ ನಾಮಪದ ಹಳೆಯದು, ಅದರ ಗಂಭೀರ ವಿಶೇಷಣ ಲ್ಯಾಟಿನ್ನಿನದು: ಸನ್, ಆದರೆ ಸೋಲಾರ್, ಮೂನ್, ಆದರೆ ಲೂನಾರ್, ಟೂತ್, ಆದರೆ ಡೆಂಟಲ್. ನಮಗಿದು ಹೊಸದೇನೂ ಅಲ್ಲ. ಮನೆಯಲ್ಲಿ ಹಲ್ಲುನೋವು, ಬೋರ್ಡಿನ ಮೇಲೆ ದಂತ ಚಿಕಿತ್ಸಾಲಯ. ಮನೆಯಲ್ಲಿ ಕಣ್ಣು, ಆಸ್ಪತ್ರೆಯಲ್ಲಿ ನೇತ್ರ. ಎರಡು ಅಂತಸ್ತಿನ ಭಾಷೆಯಲ್ಲಿ ಹುಟ್ಟಿ ಬೆಳೆದವರು ನಾವು. ಇನ್ನೊಂದು ಎರಡು ಅಂತಸ್ತಿನ ಭಾಷೆಗೆ ಹೆದರುವುದು ಯಾಕೆ?

ಹುಡುಗರಿಗೆ ನಾನು ಮೊದಲು ಕೊಡುತ್ತಿದ್ದ ಮನೆ ‘ಸ್ಪೆಕ್ಟ್’, ನೋಡುವುದು. ಇನ್‌ಸ್ಪೆಕ್ಟರ್ ಯಾರೆಂದು ಹಳ್ಳಿಗೂ ಗೊತ್ತು; ಒಳಹೊಕ್ಕು ನೋಡುವವನು. ಸಸ್ಪೆಕ್ಟ್ ಎಂದರೆ ಕೆಳಗಣ್ಣಿನಿಂದ ನೋಡುವುದು. ಮುಂದೆ ನೋಡುವುದು ಪ್ರಾಸ್ಪೆಕ್ಟ್, ಕಾಲೇಜಿನವರು ಕಾಸು ತೆಗೆದುಕೊಂಡು ಕೊಡುವ ಪ್ರಾಸ್ಪೆಕ್ಟಸ್ ಅದರ ತಮ್ಮ. ಹಿಂತಿರುಗಿ ನೋಡುವುದು ರೆಟ್ರೊಸ್ಪೆಕ್ಟ್. ಸರ್ಕಾರ ಪೂರ್ವಾನ್ವಯವಾಗಿ ತೆರಿಗೆ ಹಾಕಿದಾಗ ಸಂಪಾದಕೀಯದಲ್ಲಿ ರೆಟ್ರೊಸ್ಪೆಕ್ಟಿವ್ ಕಾಣುತ್ತದೆ. ತನ್ನೊಳಗೆ ನೋಡಿಕೊಳ್ಳುವುದು ಇಂಟ್ರೊಸ್ಪೆಕ್ಷನ್. ಸುತ್ತಲೂ ನೋಡಿ ಹೆಜ್ಜೆ ಇಡುವವನು ಸರ್ಕಮ್‌ಸ್ಪೆಕ್ಟ್. ಇದೊಂದನ್ನು ಪಟ್ಟಿಯಿಂದ ಕಲಿಯಲು ಹೊರಟರೆ ನೀನು ನೂರು ಸಲ ಮರೆಯುತ್ತೀಯೆ, ಅಣ್ಣತಮ್ಮಂದಿರ ಜೊತೆ ಕಂಡರೆ ಮರೆಯುವುದಿಲ್ಲ. ಇನ್ನು ರೂಪ ಸ್ವಲ್ಪ ಬದಲಿಸಿಕೊಂಡವು: ಎಲ್ಲರ ಕಣ್ಣಿಗೆ ಬೀಳುವ ಕನ್‌ಸ್ಪಿಕ್ಯುಅಸ್, ಕೀಳಾಗಿ ನೋಡಬೇಕಾದ ಡಿಸ್ಪಿಕಬಲ್.

ಮತ್ತೆ ಆಸ್ಪಿಶಸ್. ಶುಭ ಎಂಬ ಅರ್ಥದ ಈ ಪದದಲ್ಲಿ ನೋಡುವುದೇನು ಬಂತು? ರೋಮಿನಲ್ಲಿ ದೊಡ್ಡ ಕೆಲಸಕ್ಕೆ ಮೊದಲು ಹಕ್ಕಿಗಳ ಹಾರಾಟ ನೋಡಿ ಶುಭಾಶುಭ ಹೇಳುವವರಿದ್ದರು. ಏವಿಸ್ ಎಂದರೆ ಹಕ್ಕಿ, ಏವಿಯೇಷನ್‌ನಲ್ಲಿರುವ ಅದೇ ಹಕ್ಕಿ. ಹಕ್ಕಿ ನೋಡುವವನಿಂದ ಬಂದದ್ದು ಆಸ್ಪಿಶಸ್. ಈಗ ಸಂಸ್ಕೃತ ಕೋಶ ತೆಗೆದು ಶಕುನ ಎಂಬ ಪದ ನೋಡು. ಅದರ ಮೊದಲ ಅರ್ಥವೇ ಹಕ್ಕಿ. ನಮ್ಮಲ್ಲಿ ಬುಡಬುಡಿಕೆಯವನು ನಸುಕಿಗೆ ಬಂದು ಹಾಲಕ್ಕಿ ನುಡಿಯಿತು ಎಂದು ಭವಿಷ್ಯ ಹೇಳುತ್ತಿದ್ದ. ಈ ಎರಡು ಪದಗಳಿಗೆ ರಕ್ತಸಂಬಂಧ ಇಲ್ಲ. ಮನುಷ್ಯರು ಎಲ್ಲ ಕಡೆಯೂ ಹಕ್ಕಿಯನ್ನು ನೋಡಿ ಮುಂದಿನದನ್ನು ಊಹಿಸಿದರು, ಅಷ್ಟೆ. ಆದರೆ ಮದುವೆ ಪತ್ರಿಕೆಯ ಇಂಗ್ಲಿಷ್ ಪುಟದಲ್ಲಿ ಆಸ್ಪಿಶಸ್ ಅಕೇಶನ್ ಎಂದು ಇನ್ನು ಮುಂದೆ ಓದಿದಾಗ ನಿನಗೆ ಹಾಲಕ್ಕಿ ನೆನಪಾಗದಿದ್ದರೆ ಕೇಳು.

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಮನೆತನ. ಅದರೊಳಗೆ ಒಂದೇ ಒಲೆಯ ಸಣ್ಣ ಸಂಸಾರವೂ ಇದೆ, ಭಾಷಾ ವಿದ್ವಾಂಸರು ಪದಕುಟುಂಬ ಎಂದು ಎಣಿಸುವುದು ಅದನ್ನು. ಅನಲೈಸ್, ಅನಾಲಿಸಿಸ್, ಅನಲಿಸ್ಟ್, ಅನಲಿಟಿಕಲ್, ಇವಿಷ್ಟೂ ಸೇರಿ ಒಂದು ಕುಟುಂಬ. ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದ ಮೈಕೆಲ್ ವೆಸ್ಟ್ ಬಂಗಾಳಿ ಮಕ್ಕಳ ಇಂಗ್ಲಿಷ್ ಪಾಡು ನೋಡಿ ಪದಗಳ ಆಯ್ಕೆಯ ಕೆಲಸಕ್ಕೆ ಕೈಹಾಕಿದವರು. 1953ರಲ್ಲಿ ಸುಮಾರು 2,000 ಮೂಲಪದಗಳ ಪಟ್ಟಿ ಹೊರತಂದರು. ಅದರಾಚೆ, ಕಾಲೇಜು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳನ್ನು ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಒಟ್ಟುಮಾಡಿದರು. ಅವು 570 ಕುಟುಂಬಗಳು. ವಿದ್ವತ್ ಬರಹದ ಪ್ರತಿ ನೂರು ಪದಗಳಲ್ಲಿ ಹತ್ತರ ಆಸುಪಾಸು ಈ 570 ಮನೆಗಳವೇ. ಅನುವಾದದ ನೆರವಿಲ್ಲದೆ ಕಾದಂಬರಿಯನ್ನೋ ಪತ್ರಿಕೆಯನ್ನೋ ಓದಲು 8,000ದಿಂದ 9,000 ಕುಟುಂಬ ಬೇಕು ಎಂದು ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ದೊಡ್ಡ ಸಂಖ್ಯೆ ಎಂದು ಕಂಗೆಡಬೇಡ. 570ನ್ನು ಮೊದಲು ಮುಗಿಸು. ನಿನ್ನ ಪದವಿ ಪುಸ್ತಕಗಳು, ಪರೀಕ್ಷೆಯ ಪ್ಯಾಸೇಜುಗಳು ಅಷ್ಟರಲ್ಲೇ ತಿಳಿಯಾಗುತ್ತವೆ.

ಸಣ್ಣ ಸಂಸಾರದಲ್ಲಿ ನಮ್ಮವರು ಎಡವುವುದು ಎರಡು ಕಡೆ. ಒಂದು, ಕ್ರಿಯಾಪದ ಇರಬೇಕಾದಲ್ಲಿ ನಾಮಪದ. ‘ಅವರು ಅನಾಲಿಸಿಸ್ ಮಾಡಿದರು’ ಎಂದು ಕನ್ನಡದಲ್ಲಿ ಹೇಳಿ ಹೇಳಿ ಇಂಗ್ಲಿಷಿನಲ್ಲೂ ಎಲ್ಲದಕ್ಕೂ ‘ಡಿಡ್’ ಹಚ್ಚುತ್ತೇವೆ. ಇನ್ನೊಂದು, ಒತ್ತು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚು ಕಡಿಮೆ ಸಮನಾದ ತೂಕ. ಇಂಗ್ಲಿಷಿನಲ್ಲಿ ಒಂದೇ ಕುಟುಂಬದೊಳಗೆ ಒತ್ತು ಜಾಗ ಬದಲಿಸುತ್ತದೆ. ಫೋಟೊಗ್ರಾಫ್ ಎನ್ನುವಾಗ ‘ಫೋ’ ಮೇಲೆ, ಫೊಟಾಗ್ರಫರ್ ಎನ್ನುವಾಗ ‘ಟಾ’ ಮೇಲೆ, ಫೋಟೊಗ್ರಾಫಿಕ್ ಎನ್ನುವಾಗ ‘ಗ್ರಾ’ ಮೇಲೆ. ಇಕಾನಮಿಯಲ್ಲಿ ‘ಕಾ’, ಎಕನಾಮಿಕ್‌ನಲ್ಲಿ ‘ನಾ’. ಕುಟುಂಬವನ್ನು ಬರೆದುಕೊಂಡರೆ ಸಾಲದು, ಕೋಣೆಯ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದು. ಈ ಕೆಲಸಕ್ಕೆ ಸಂಕೋಚ ಪಡುವವರು ಸಂದರ್ಶನದಲ್ಲಿ ಸಂಕೋಚ ಪಡುತ್ತಾರೆ.

ಮನೆತನ ಎಂದಮೇಲೆ ಹುಸಿ ಬಂಧುಗಳೂ ಇರುತ್ತಾರೆ. ಪೆಡಲ್, ಪೆಡೆಸ್ಟ್ರಿಯನ್, ಬೈಪೆಡ್ ಎಲ್ಲ ಪಾದದ ಮನೆಯವು. ಕಾಲಿಗೆ ತೊಡರುವುದು ಇಂಪೀಡ್, ತೊಡರು ಬಿಡಿಸಿ ಬೇಗ ಕಳಿಸುವುದು ಎಕ್ಸ್‌ಪಿಡೈಟ್. ಈ ಉತ್ಸಾಹದಲ್ಲಿ ಪೀಡಿಯಾಟ್ರಿಕ್ಸ್ ಎಂಬುದನ್ನು ಕಾಲಿನ ವೈದ್ಯ ಎಂದು ಬರೆದವರಿದ್ದಾರೆ. ಅದು ಗ್ರೀಕಿನ ಮಗು. ಪೆಡಗಾಗಿಯಲ್ಲಿರುವುದೂ ಅದೇ ಮಗು. ಹೋಮೋ ಸೇಪಿಯನ್ಸ್‌ನ ಹೋಮೋ ಲ್ಯಾಟಿನ್ನಿನ ಮನುಷ್ಯ. ಹೋಮೋಜೀನಿಯಸ್‌ನ ಹೋಮೋ ಗ್ರೀಕಿನ ‘ಅದೇ, ಸಮಾನ’. ಮಿಸ್‌ಪ್ರಿಂಟ್‌ನಲ್ಲಿರುವ ಮಿಸ್ ತಪ್ಪು. ಹೆಣ್ಣನ್ನು ದ್ವೇಷಿಸುವ ಮಿಸಾಜಿನಿಯಲ್ಲಿರುವುದು ಗ್ರೀಕಿನ ದ್ವೇಷ. ಹಾಗೆಯೇ ‘ಇನ್’ ಬಂದ ಕಡೆಯೆಲ್ಲ ‘ಇಲ್ಲ’ ಎಂದುಕೊಳ್ಳಬೇಡ. ಪೆಟ್ರೋಲ್ ಟ್ಯಾಂಕರಿನ ಬೆನ್ನಿನ ಮೇಲೆ ಇನ್‌ಫ್ಲೇಮಬಲ್ ಎಂದು ಬರೆದಿದ್ದರೆ ಹತ್ತಿರ ಬೆಂಕಿಕಡ್ಡಿ ಗೀರಬಾರದು. ಊಹೆ ಮಾಡು, ಧಾರಾಳವಾಗಿ ಮಾಡು. ಊಹಿಸಿದ ಮೇಲೆ ನಿಘಂಟು ತೆರೆ.

ಅಪ್ಪನ ಗುಣ ಮಗನಿಗೆ ಬರದಿರುವುದೂ ಉಂಟು. ಗ್ರೆಗ್ ಎಂದರೆ ಹಿಂಡು. ಹಿಂಡಿನಲ್ಲಿರಲು ಇಷ್ಟಪಡುವವನು ಗ್ರಿಗೇರಿಯಸ್, ಹಿಂಡುಗೂಡುವುದು ಕಾಂಗ್ರಿಗೇಷನ್, ಹಿಂಡಿನಿಂದ ಬೇರ್ಪಡಿಸುವುದು ಸೆಗ್ರಿಗೇಟ್. ನಗರಸಭೆಯವರು ಹಸಿ ಕಸ ಒಣ ಕಸ ಎಂದು ಮಾಡಿಸುವ ಕೆಲಸ. ಹಿಂಡಿನಿಂದ ಎದ್ದು ಕಾಣುವವನು ಇಗ್ರೀಜಿಯಸ್. ಹಿಂದೆ ಅದು ಹೊಗಳಿಕೆ, ಈಗ ಘೋರ ತಪ್ಪಿಗೆ ಮಾತ್ರ ಹೇಳುವುದು. ಅರ್ಜಿಯಲ್ಲಿ ನನಗೆ ಇಗ್ರೀಜಿಯಸ್ ಅರ್ಹತೆ ಇದೆ ಎಂದು ಬರೆದರೆ ಕೆಲಸ ಸಿಗುವುದಿಲ್ಲ. ಪದಗಳು ಹೀಗೆ ಕೆಡುವುದು ಎಲ್ಲ ಕಡೆಯೂ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇತ್ತು. ಅದರಿಂದಲೇ ಆ ಬಿರುದು ಯಾರದೆಂದು ಖಚಿತವಾದದ್ದು. ಚಕ್ರವರ್ತಿಯ ಆ ಬಿರುದೇ ಮುಂದೆ ಸಂಸ್ಕೃತ ವೈಯಾಕರಣರ ಕೈಯಲ್ಲಿ ಮೂರ್ಖ ಎಂಬ ಅರ್ಥ ಪಡೆಯಿತು. ಹುಟ್ಟು ತಿಳಿದ ಮಾತ್ರಕ್ಕೆ ಪದದ ಇಂದಿನ ನಡತೆ ತಿಳಿಯುವುದಿಲ್ಲ. ಅದಕ್ಕೆ ಓದು ಬೇಕು, ಬರೀ ಮೂಲಗಳ ಪಟ್ಟಿಯಿಂದ ಸಾಗದು.

ತೀರಾ ಹೋಲುವ ಒಡಹುಟ್ಟಿದವರನ್ನು ಒಂದೇ ದಿನ ಕಲಿಯಬೇಡ ಎಂಬುದು ನನ್ನ ಕಟ್ಟಪ್ಪಣೆ. ‘ಲೂಡ್’ ಎಂದರೆ ಆಟ. ಅಲ್ಯೂಡ್, ಇಲ್ಯೂಡ್, ಡಿಲ್ಯೂಡ್, ಕಲ್ಯೂಡ್. ನಾಲ್ಕನ್ನೂ ಒಟ್ಟಿಗೆ ನುಂಗಿದರೆ ಪರೀಕ್ಷೆಯ ದಿನ ನಾಲ್ಕೂ ಕಲಸಿಕೊಂಡು ಬರುತ್ತವೆ. ಮೊದಲು ಕಲ್ಯೂಡ್ ಕಲಿ, ಗುತ್ತಿಗೆದಾರನೂ ಅಧಿಕಾರಿಯೂ ಕೂಡಿ ಆಡುವ ಆಟ, ಪತ್ರಿಕೆಯಲ್ಲಿ ದಿನವೂ ಸಿಗುತ್ತದೆ. ಅದು ಗಟ್ಟಿಯಾದ ಮೇಲೆ ಕೈಗೆ ಸಿಗದೆ ಜಾರುವ ಇಲ್ಯೂಡ್. ಸೂಚ್ಯವಾಗಿ ಹೇಳುವ ಅಲ್ಯೂಡ್ ಮುಂದಿನ ವಾರಕ್ಕಿರಲಿ.

ಇನ್ನೊಂದು ಮಾತು, ಸ್ವಲ್ಪ ಕಹಿ. ಪದ ಕಲಿಯುವುದು ಓದಿದ್ದು ತಿಳಿಯಲಿ, ಹೇಳಬೇಕಾದದ್ದು ಕರಾರುವಾಕ್ಕಾಗಿರಲಿ ಎಂದು. ಬೆರಗುಗೊಳಿಸಲು ಅಲ್ಲ. 2017ರಲ್ಲಿ ಶಶಿ ತರೂರ್ ಫರಾಗೊ ಎಂಬ ಪದ ಬಳಸಿದಾಗ ದೇಶಕ್ಕೆ ದೇಶವೇ ನಿಘಂಟು ತೆರೆಯಿತು. ಲ್ಯಾಟಿನ್ನಿನಲ್ಲಿ ಅದು ದನಗಳಿಗೆ ಹಾಕುವ ಕಲಬೆರಕೆ ಮೇವು. ಅವರ ವಾಕ್ಯದಲ್ಲಿ ಅದು ಹೊಂದಿತು, ಅವರಿಗೆ ಅದು ಸಲ್ಲುತ್ತದೆ. ನೀನು ಬ್ಯಾಂಕ್ ಪರೀಕ್ಷೆಯ ಪ್ರಬಂಧದಲ್ಲಿ ಪ್ರತಿ ಸಾಲಿಗೂ ಇಂಥದ್ದೊಂದನ್ನು ತುರುಕಿದರೆ ಓದುವವರಿಗೆ ಮೇವೇ ಕಾಣುತ್ತದೆ. ‘ಯೂಸ್’ ಸಾಕಾಗುವಲ್ಲಿ ‘ಯುಟಿಲೈಸ್’ ಬರೆಯುವವರನ್ನು ನಾನು ಅಂಕ ಕೊಡುವಾಗ ಕ್ಷಮಿಸಿದ್ದೇನೆ, ಮನಸ್ಸಿನಲ್ಲಿ ಕ್ಷಮಿಸಿಲ್ಲ.

ಸರಿ, ಮಾಡುವುದು ಹೇಗೆ? ವಾರಕ್ಕೊಂದು ಮನೆ ಸಾಕು. ಬಿಡಿ ಹಾಳೆಯ ನಡುವೆ ಮೂಲ ಬರೆ. ನಿನಗೆ ಈಗಾಗಲೇ ಗೊತ್ತಿರುವ ಪದಗಳನ್ನು ಮೊದಲು ಅದರ ಸುತ್ತ ಬರೆ, ಹೊಸವನ್ನು ಆಮೇಲೆ. ಗೊತ್ತಿರುವ ಒಂದೂ ಇಲ್ಲದ ಮನೆಗೆ ಈಗಲೇ ಹೋಗಬೇಡ. ಪ್ರತಿ ಹೊಸ ಪದಕ್ಕೂ ನಿನ್ನ ಊರು, ನಿನ್ನ ಕಾಲೇಜು, ನಿನ್ನ ಮನೆಯ ಬಗ್ಗೆಯೇ ಒಂದು ವಾಕ್ಯ ಇರಲಿ, ಗೈಡಿನ ವಾಕ್ಯವನ್ನು ನಕಲು ಮಾಡಬೇಡ. ಆಮೇಲೆ ಪತ್ರಿಕೆ ಓದುತ್ತಾ ಆ ಮನೆಯವರು ಯಾರಾದರೂ ಕಂಡರೆ ದಿನಾಂಕ ಹಾಕಿ ಆ ಸಾಲನ್ನೂ ಹಾಳೆಯಲ್ಲಿ ಸೇರಿಸು. ಪುಸ್ತಕ ಬೇಕಿದ್ದರೆ ನಾರ್ಮನ್ ಲೂಯಿಸ್ 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಸಿ’ ಈಗಲೂ ಒಳ್ಳೆಯದೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವರ ಹತ್ತಿರ ಕೇಳು. ಅದರ ಜೊತೆಗೆ ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ಯನ್ನೂ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವನ್ನೂ ಓದು. ಕನ್ನಡ ಪದದ ಬೇರು ಕೆದಕಿ ನೋಡುವ ರುಚಿ ಹತ್ತಿದವರಿಗೆ ಇಂಗ್ಲಿಷಿನದನ್ನು ಯಾರೂ ಕಲಿಸಬೇಕಾಗಿಲ್ಲ. ಸಂಸ್ಕೃತದ ನಾಲ್ಕು ಧಾತು ಗೊತ್ತಿಲ್ಲದವರು ಲ್ಯಾಟಿನ್ ಮೂಲಗಳ ಆ್ಯಪ್‌ಗೆ ದುಡ್ಡು ಕಟ್ಟುವುದು ನನಗೆ ಅರ್ಥವಾಗದ ವ್ಯಾಪಾರ.

ಈ ವಾರದ ಮನೆ ‘ಫರ್’, ಹೊರುವುದು. ಸಂಸ್ಕೃತದ ‘ಭೃ’ ಧಾತು ಅದರ ಅಕ್ಕ. ಭಾರ, ಭರಿಸು ಅಲ್ಲಿಂದ ಬಂದವು, ಇಂಗ್ಲಿಷಿನ ಬೇರ್ ಕೂಡ ಅದೇ ಬಳಗ. ನಿಮ್ಮಪ್ಪನಿಗೆ ಮೊನ್ನೆ ಆದ ಟ್ರಾನ್ಸ್‌ಫರ್‌ನಿಂದ ಶುರುಮಾಡು. ರಿಫರ್, ಪ್ರಿಫರ್, ಇನ್‌ಫರ್, ಸಫರ್, ಆಫರ್, ಫರ್ಟೈಲ್, ವೊಸಿಫರಸ್, ಇವುಗಳಲ್ಲಿ ಏನನ್ನು, ಎಲ್ಲಿಂದ ಎಲ್ಲಿಗೆ ಹೊರುತ್ತಿದ್ದಾರೆ ಎಂದು ನೀನೇ ಊಹಿಸಿ ಬರೆ, ಆಮೇಲೆ ನಿಘಂಟು ನೋಡು. ಮುಂದೂಡುವ ಡಿಫರ್ ಮತ್ತು ಭಿನ್ನವಾಗುವ ಡಿಫರ್ ಲ್ಯಾಟಿನ್ನಿನಲ್ಲಿ ಒಂದೇ ಪದವಾಗಿದ್ದವು. ಹೇಗೆ ಎರಡಾದವು ಎಂದು ಹುಡುಕು. ಭಾನುವಾರ ಬರುವಾಗ ಹಾಳೆ ತಾ, ನೋಡೋಣ.